ಹತ್ತರಿಂದ ಹದಿನೆಂಟರ ತನಕ

ನನ್ನ ಕ್ಲಾಸಿನಾಗ ಉತ್ತರದ ಮುಂದ ಏಕಮಾನ ಬರೀಲಿಲ್ಲಂದ್ರ ಸೊನ್ನಿ. ಅರ್ಧ ಮಾರ್ಕ್ಸೂ ಇಲ್ಲ. ಲೆಕ್ಕ ಪೂರಾ ಸರಿ ಇರ್ಲಿ, ಅಕ್ಷರ ಮುತ್ತಿನಂಗ ಇರ್ಲಿ, ಬರೇ ಅಂಕಿ ಬರದು ಕೈ ಬಿಟ್ಟಿದ್ರ ಸೊನ್ನಿನೇ. ಸೇಡಂದಾಗ ನಾ ಕಲಸೋ ಸಾಲಿ ಹುಡುಗ್ರು ನನಗ ‘ಏಕಮಾನ ಟೀಚರ್’ ಅಂತ ಹೆಸರಿಟ್ಟಾರ. ಹೋದ ವರ್ಷ ಒಬ್ಬ ಹುಡುಗಿ ತಾಯಿ ಹೆಡ್ ಮಾಸ್ತರ ಮುಂದ ಬಂದು, “ಮೀಟರ್ ಅಂತ ಬರೀಲಾರದ್ದಕ್ಕ ನಾಕು ಮಾರ್ಕ್ಸ್ ಕಡದಾರ್ರಿ, ಇದೇನ್ ಸಿಟ್ಟರಿ ಈ ಟೀಚರದು?” ಅಂತ ಜಗಳ ತೆಗದಳು. ಹೆಡ್ ಮಾಸ್ತರು ನನ್ನ ಮಾರಿ ನೋಡಿದ್ರು. ಕಾರಣ ಹೇಳಬೇಕಂದ್ರ ಭಾಳ ಹಿಂದ ಹೋಗಬೇಕಾಗ್ತಿತ್ತು, ಅವತ್ತು ಅಷ್ಟು ತಾಕತ್ತು ನನ್ನ ಹಂತೇಕ ಇರ್ಲಿಲ್ಲ.

ನಾ ಮೊದಲಿಂದ ಹಿಂಗ ಇರ್ಲಿಲ್ಲ. ಮೂರು ವರ್ಷದ ಹಿಂದ ಹಿಂಗಾದೆ. ಯಾಕಂತ ಈಗ ಬರೀತೀನಿ.

ನಮ್ಮಪ್ಪ ಒಂದು ಸಿಮೆಂಟ್ ಫ್ಯಾಕ್ಟ್ರಿಯ ಸ್ವಂತ ರೈಲ್ ಲೈನಿನ ಮ್ಯಾಲ ಗೇಟ್‌ಮನ್ ಇದ್ದ. ಫ್ಯಾಕ್ಟ್ರಿ ಹೆಸರು ಬ್ಯಾಡ. ವಾಡಿ, ಚಿತ್ತಾಪುರದ ಕಡೆ ಹಂಥಾವು ಬೇಕಾದಷ್ಟು ಅವ. ಖಣಿಯಿಂದ ಸುಣ್ಣದ ಕಲ್ಲು ತುಂಬ್ಕೊಂಡು ಹೋಗೋ ಗಾಡಿ ಅದು. ಮುಂದೊಂದು ಹಳೇ ಇಂಜಿನ್, ಹಿಂದ ಮೂವತ್ತು ಡಬ್ಬಿ. ಹೊಲದ ದಾರಿ ಆ ಲೈನ್ ದಾಟೋ ಜಾಗದಾಗ ಫರಸಿ ಕಲ್ಲಿಲೆ ಕಟ್ಟಿದ ಅಪ್ಪನ ಗೂಡು. ಅಲ್ಲಿಂದ ಒಂದು ಕಿಲೋಮೀಟರ್ ಮುಂದ ಲೈನು ಕಲ್ಲು ಕೊರದ ತೆಗ್ಗಿನಾಗ ಇಳದು ಒಂದು ತಿರುವು ತಗೋತಿತ್ತು. ತಿರುವಿನ ಆಚೆ ಹಳಿ ಬೋಲ್ಟು ಸಡಲ ಆಗ್ತಿದ್ವು. ಅವನ್ನ ಬಿಗಿ ಮಾಡೋ ಕೆಲಸ ಅಪ್ಪನ ದೋಸ್ತಂದು. ನಾ ಅವಂಗ ಕಾಕಾ ಅಂತಿದ್ದೆ.

ನಮ್ಮ ಕ್ವಾರ್ಟರಿಗೂ ಕಾಕಾನ ಕ್ವಾರ್ಟರಿಗೂ ನಡು ಒಂದೇ ಗ್ವಾಡಿ. ನಮ್ಮ ಮನ್ಯಾಗ ಲಿಂಗಪೂಜಿ, ಅವರ ಮನ್ಯಾಗ ಬುದ್ಧನ ಫೋಟೋ. ನಾ ಸಾಲಿಯಿಂದ ಬಂದ್ರ ಯಾವ ಮನ್ಯಾಗ ರೊಟ್ಟಿ ಬಿಸಿ ಇರ್ತಿತ್ತೋ ಆ ಮನಿಗೆ ಹೋಗ್ತಿದ್ದೆ. ನಮ್ಮವ್ವಗ ಮೊದಮೊದಲು ಅದು ಸೇರ್ತಿರ್ಲಿಲ್ಲ, ಆಮ್ಯಾಲ ಸುಮ್ಮನಾದಳು. ಕಾಕಿ ಮಾಡೋ ಪುಂಡಿ ಪಲ್ಯ ಒಮ್ಮೆ ಉಂಡಾಕಿ ಮತ್ತೇನ್ ಮಾತಾಡ್ತಾಳ?

ಈ ಇಬ್ಬರು ದೋಸ್ತರ ಹಂತೇಕ ಗಡಿಯಾರ ಇರ್ಲಿಲ್ಲ. ಇದ್ರೂ ಕೆಲಸದಾಗ ಕೈಗೆ ಕಟ್ಟೋ ಹಂಗಿರ್ಲಿಲ್ಲ. ಅದಕ್ಕ ಅವರು ಹೊತ್ತನ್ನ ಬಾಯಿಲೆ ಅಳೀತಿದ್ರು. ಅಪ್ಪ ‘ಓಂ ನಮಃ ಶಿವಾಯ ಒಂದು, ಓಂ ನಮಃ ಶಿವಾಯ ಎರಡು’ ಅಂತ ಎಣಸಾಂವ. ಕಾಕಾ ‘ಜೈ ಭೀಮ್ ಒಂದು, ಜೈ ಭೀಮ್ ಎರಡು’ ಅಂತ. ಒಂದೊಂದು ಎಣಿಕಿ ಒಂದೊಂದು ಸೆಕೆಂಡ್. ಲೈನಿನ ಮಿಸ್ತ್ರಿಯ ಗಡಿಯಾರ ಮುಂದ ಇಟ್ಕೊಂಡು ಇಬ್ಬರೂ ಎದುರುಬದುರು ಕುಂತು ಇದನ್ನ ಕೂಡ್ಸಿದ್ರಂತ. “ನಿನ್ನ ಶಿವ ಭಾಳ ಸಾವಕಾಶ ಬರ್ತಾನಲೇ” ಅಂತ ಕಾಕಾ ಚಾಷ್ಟಿ ಮಾಡಾಂವ. “ನಿಂದು ಭಾಳ ಅವಸರ” ಅಂತ ಅಪ್ಪ. ಆದ್ರ ಅರವತ್ತರ ತನಕ ಇಬ್ಬರನ್ನೂ ಬ್ಯಾರೆ ಬ್ಯಾರೆ ಕೋಣ್ಯಾಗ ಕುಂಡ್ರಿಸಿ ಎಣಸಂದ್ರೂ ಒಂದೇ ಹೊತ್ತಿಗೆ ಹೊರಗ ಬರ್ತಿದ್ರು.

ಆ ಲೈನಿನ ಮ್ಯಾಲ ಸ್ಪೀಡಿನ ಕಾಯ್ದೆ ಇಪ್ಪತ್ತು. ಕಂಬಕ್ಕ ಒಂದು ಹಳದಿ ಫಳಿ ಬಡದಿದ್ರು, ಅದರ ಮ್ಯಾಲ ಬರೇ ‘20’ ಅಂತ. ಗಂಟೆಗೆ ಕಿಲೋಮೀಟರ್ ಅಂತ ಅದರಾಗ ಬರದಿರ್ಲಿಲ್ಲ. ಎಲ್ಲಾರಿಗೂ ಗೊತ್ತಿರೋ ಮಾತು, ಬರಿಯೋದ್ಯಾಕ? ಆ ಸ್ಪೀಡಿನಾಗ ಬಂದ್ರ ಇಂಜಿನ್ ಹೋದಮ್ಯಾಲ ಮೂವತ್ತು ಡಬ್ಬಿ ಅಪ್ಪನ ಗೂಡು ದಾಟಲಿಕ್ಕ ಎಪ್ಪತ್ತೈದು ಎಣಿಕಿ ಬೇಕು. ಅಪ್ಪ ದಿನಾ ಎಣಸಾಂವ. ಯಾರೂ ಹೇಳಿರ್ಲಿಲ್ಲ, ಅದೊಂದು ರೂಢಿ. ಕಾಕಾನ ಎಣಿಕಿ ಬ್ಯಾರೆ. ತಿರುವಿನಾಗ ಇಂಜಿನ್ ಮೂತಿ ಕಂಡಾಗಿಂದ ಅಂವ ನಿಂತ ಜಾಗಕ್ಕ ನೂರು ಮೀಟರ್. ಅಷ್ಟು ಬರಲಿಕ್ಕ ಗಾಡಿಗೆ ಹದಿನೆಂಟು ಎಣಿಕಿ. ಹಳಿ ಕೆಳಗ ಜಾಕ್ ಇಟ್ಟಿದ್ರ ಅದನ್ನ ತೆಗೀಲೇಬೇಕು, ಇಲ್ಲಂದ್ರ ಗಾಡಿ ಹಳಿ ಬಿಡ್ತದ. ಜಾಕ್ ತೆಗಿಯೋದು ಹತ್ತರ ತನಕ, ಪಾನಾ, ಹಾರಿ ಎತ್ಕೊಳ್ಳೋದು ಹದಿಮೂರರ ತನಕ, ಕೆಳಗ ಇಳದು ಕಲ್ಲಿಗೆ ಬೆನ್ನು ಹಚ್ಚಿ ನಿಂದ್ರೋದು ಹದಿನೈದಕ್ಕ. ಮ್ಯಾಲ ಮೂರು ಎಣಿಕಿ ಉಳೀತಿದ್ವು. ಹತ್ತು ವರ್ಷ ಹಂಗೇ ಮಾಡಿದ್ದ.

ಒಂದಿನ ಮಧ್ಯಾಹ್ನ ಅಂವ ಜಾಕ್ ಎಳೀಲಿಕತ್ತಿದ್ದಾಗಲೇ ಗಾಡಿ ಬಂತು. ಜಾಕ್ ಹೊರಗ ಬಂತು, ಕಾಕಾನ ಎಡಗಾಲು ಬರ್ಲಿಲ್ಲ. ಮೊಣಕಾಲ ಕೆಳಗ ಹೋಯ್ತು. ಗಾಡಿ ಹಳಿ ಬಿಡ್ಲಿಲ್ಲ, ಡ್ರೈವರಗ ಒಂದು ಗೀರೂ ಬೀಳ್ಲಿಲ್ಲ.

ನಾ ಆಗ ಒಂಬತ್ತನೇ ಕ್ಲಾಸ್. ದವಾಖಾನಿಗೆ ನಮ್ಮವ್ವನ ಜೋಡಿ ಹೋಗಿದ್ದೆ. ಕಾಕಾ ಎಚ್ಚರಾದಾಗೊಮ್ಮೆ ಒಂದೇ ಮಾತು ಹೇಳ್ಲಿಕತ್ತಿದ್ದ. “ನಾ ಹತ್ತಕ್ಕ ಇದ್ದೆ. ಇನ್ನಾ ಎಂಟು ಇದ್ವು.” ಡಾಕ್ಟರಿಗೂ ಅದೇ, ನರ್ಸಿಗೂ ಅದೇ. “ನಾ ಹತ್ತಕ್ಕ ಇದ್ದೆರಿ, ಇನ್ನಾ ಎಂಟು ಇದ್ವು.” ಅದು ನೋವಿನ ಬಡಬಡಿಕಿ ಅಂತ ಎಲ್ಲಾರೂ ತಿಳಕೊಂಡ್ರು.

ಎನ್‌ಕ್ವಾಯ್ರಿಗೆ ಬಂದ ಫ್ಯಾಕ್ಟ್ರಿ ಸಾಹೇಬರು ಮಾತ್ರ ಆ ಮಾತನ್ನ ಹಿಡಕೊಂಡ್ರು. ಡ್ರೈವರ್ ತನ್ನ ಹೇಳಿಕ್ಯಾಗ ಗಾಡಿ ಹದಿನೆಂಟು-ಇಪ್ಪತ್ತರಾಗೇ ಇತ್ತು ಅಂದಿದ್ದ. ಹಂಗಿದ್ರ ಇಂಜಿನ್ ಕಂಡಮ್ಯಾಲ ಕಾಕಾಗ ಹದಿನೆಂಟು ಎಣಿಕಿ ಸಿಗಬೇಕು. ಅಂವ ಹತ್ತಕ್ಕೇ ಇದ್ದಂದ್ರ ಏನರ್ಥ? ಇಂಜಿನ್ ಬಂದು ಎಂಟು ಎಣಿಕಿ ಆದಮ್ಯಾಲ ನೋಡ್ಯಾನ. ಆ ಎಂಟು ಸೆಕೆಂಡು ಅಂವ ನಿದ್ದಿ ಮಾಡ್ಲಿಕತ್ತಿದ್ದ, ಇಲ್ಲಾ ಬೀಡಿ ಸೇದ್ಲಿಕತ್ತಿದ್ದ. ಲೆಕ್ಕ ನೋಡ್ರಿ ಎಷ್ಟು ಚಂದ ಕುಂತದ. ಲೆಕ್ಕ ಖರೇ ಅಂತ ನಂಬಿದ್ರೂ ಅದನ್ನ ಹಾಕಿದ ಸಾಹೇಬನ ಮ್ಯಾಲ ನನಗ ಎಷ್ಟೋ ವರ್ಷ ಸಿಟ್ಟಿತ್ತು. ಆ ಸಿಟ್ಟು ಯಾರ ಮ್ಯಾಲ ಇರಬೇಕಿತ್ತಂತ ನನಗೇ ಗೊತ್ತಿರ್ಲಿಲ್ಲ.

ಹಳೇ ಇಂಜಿನ್, ಸ್ಪೀಡ್ ಬರಕೊಳ್ಳೋ ಮಿಷನ್ ಅದರಾಗ ಇರ್ಲಿಲ್ಲ. ಡ್ರೈವರ ಮಾತಿಗೆ ಎದುರು ಮಾತಂದ್ರ ಒಂದೇ ಇತ್ತು, ನಮ್ಮಪ್ಪಂದು. ಅವತ್ತೂ ಅಂವ ರೂಢಿಯಂಗ ಎಣಸಿದ್ದ. ಮೂವತ್ತು ಡಬ್ಬಿ ನಲವತ್ತೆರಡಕ್ಕ ಮುಗದಿದ್ವು. ಎಪ್ಪತ್ತೈದಕ್ಕ ಅಲ್ಲ, ನಲವತ್ತೆರಡಕ್ಕ. “ಇದೇನ್ ಇವತ್ತು ಹಿಂಗ ಹೊಂಟದ” ಅಂತ ಅಂವ ಗೇಟ್ ಎತ್ತೋದು ಬಿಟ್ಟು ನೋಡ್ಕೋತ ನಿಂತಿದ್ದನಂತ. ತಿರುವಿನ ಆಚೆಯಿಂದ ಸೀಟಿ ಕೇಳಿದ್ದು ಆಮ್ಯಾಲ.

ಎನ್‌ಕ್ವಾಯ್ರಿಯ ಹಿಂದಿನ ದಿನ ಸಂಜಿಮುಂದ ಅಪ್ಪ ಮನಿಗೆ ಬಂದು ಕೈಕಾಲು ತೊಳಕೊಂಡು ನನ್ನ ಎದುರು ಕುಂತ. ನಾ ಪಡಸಾಲ್ಯಾಗ ವಿಜ್ಞಾನದ ಹೋಂವರ್ಕ್ ನೋಟ್‌ಬುಕ್ ತೊಡಿ ಮ್ಯಾಲ ಇಟ್ಕೊಂಡಿದ್ದೆ.

“ಯವ್ವಾ, ನಾಳೆ ಸಾಹೇಬರ ಮುಂದ ನಾ ಶಿವನ ಹೆಸರಿಲೆ ಎಣಸೀನಿ ಅಂದ್ರ ನಗ್ತಾರ. ನೀ ಓದಾಕಿ ಇದ್ದಿ. ಅಂಕ್ಯಾಗ ಮಾಡಿ ಕೊಡು. ಗಾಡಿ ಎಷ್ಟರಾಗ ಇತ್ತು ಅಂತ ಕಾಗದದ ಮ್ಯಾಲ ಬರದು ಕೊಟ್ರ ಅವರ ಮುಂದ ಇಡ್ತೀನಿ.”

ನನಗ ಎಷ್ಟು ಖುಷಿ ಆಯ್ತು ಅಂತೀರಿ! ಅಪ್ಪ ನನ್ನ ಕೇಳ್ಲಿಕತ್ತಾನ. ನಮ್ಮ ಮನಿ ನೆಲ ಫರಸಿದು. ನಮ್ಮ ಕಡೆ ಮಕ್ಕಳಿಗೆ ಅದೇ ಪಾಟಿ. ಬಳಪ ತಗೊಂಡು ನೆಲದ ಮ್ಯಾಲ ಲೆಕ್ಕ ಹಾಕಿದೆ. ಒಂದು ಡಬ್ಬಿ ಕೊಂಡಿ ಸೇರಿ ಹದಿನಾಲ್ಕು ಮೀಟರ್ ಅಂತ ಅಪ್ಪ ಹೇಳಿದ. ಮೂವತ್ತು ಡಬ್ಬಿಗೆ ನಾಕನೂರಾ ಇಪ್ಪತ್ತು. ಅದನ್ನ ನಲವತ್ತೆರಡಕ್ಕ ಭಾಗಿಸಿದೆ. ದೂರ ಭಾಗಿಲೆ ಕಾಲ. ಶೇಷ ಏನೂ ಉಳೀಲಿಲ್ಲ, ಚೊಕ್ಕ ಹತ್ತು ಬಂತು.

“ಅಪ್ಪಾ, ಹತ್ತು.”

“ಹತ್ತು?”

“ಹ್ಞೂಂ, ಹತ್ತು. ನೋಡು, ಎಷ್ಟು ಸರಿ ಭಾಗ ಹೋಗ್ಯದ.”

ಅಪ್ಪ ಆ ಹತ್ತನ್ನ ಭಾಳ ಹೊತ್ತು ನೋಡಿದ. “ಫಳಿ ಮ್ಯಾಲ ಇಪ್ಪತ್ತು ಅದಲ್ಲವ್ವ” ಅಂದ.

“ಹಂಗಾದ್ರ ಗಾಡಿ ಸಾವಕಾಶನೇ ಇತ್ತಪ್ಪ. ಇಪ್ಪತ್ತರ ಅರ್ಧ.”

“ಅಲ್ಲವ್ವ, ಜೋರಿತ್ತದು. ನನ್ನ ಟೊಪ್ಪಿಗಿ ಹಾರಿ ಬಿತ್ತು.”

“ಲೆಕ್ಕ ಸುಳ್ಳು ಹೇಳಂಗಿಲ್ಲಪ್ಪ” ಅಂದೆ ನಾನು. ಥೂ, ಆ ಮಾತು ಹೇಳಿದ ಬಾಯಿಗೆ ಏನ್ ಬೈಲಿ? ಹದಿನಾಲ್ಕು ವರ್ಷದ ಹುಡುಗಿ, ಕೈಯಾಗ ಬಳಪ ಹಿಡಕೊಂಡು, ಇಪ್ಪತ್ತು ವರ್ಷ ಗಾಡಿ ನೋಡಿದ ಮನಷ್ಯಾಗ ಹಂಗ ಅಂದೆ. ಹತ್ತು ಅಂದ್ರ ಏನು ಹತ್ತು, ಇಪ್ಪತ್ತು ಅಂದ್ರ ಏನು ಇಪ್ಪತ್ತು ಅಂತ ನನ್ನ ತಲ್ಯಾಗ ಬರ್ಲೇ ಇಲ್ಲ. ಮೀಟರಿಗೂ ಕಿಲೋಮೀಟರಿಗೂ, ಸೆಕೆಂಡಿಗೂ ಗಂಟೆಗೂ ನಡು ಒಂದು ಹೆಜ್ಜಿ ಬಾಕಿ ಇತ್ತು. ಅದನ್ನ ಇಡಲಿಲ್ಲ.

ಇನ್ನೊಂದು ಹೇಳಬೇಕು, ಇದು ಹೇಳೋದು ಭಾಳ ತ್ರಾಸ ಅದ. ಆ ಹೆಜ್ಜಿ ನನ್ನ ತೊಡಿ ಮ್ಯಾಲೇ ಇತ್ತು. ಆ ವಾರದ ಹೋಂವರ್ಕೇ ಅದು, ಜವದ ಏಕಮಾನ ಬದಲ್ಸೋದು. ಸಾಲಿ ಕಟ್ಟಿ ಮ್ಯಾಲ ಕುಂತು ಬಾಜೂ ಹುಡುಗಿ ನೋಟ್‌ಬುಕ್ ನೋಡಿ ಅವತ್ತೇ ಮಧ್ಯಾಹ್ನ ಕಾಪಿ ಹೊಡದಿದ್ದೆ. ಮೊದಲನೇ ಲೆಕ್ಕ ‘ಗಂಟೆಗೆ ಮೂವತ್ತಾರು ಕಿಲೋಮೀಟರ್ ಎಂದರೆ ಸೆಕೆಂಡಿಗೆ ಎಷ್ಟು ಮೀಟರ್?’ ಕೆಳಗ ನನ್ನ ಅಕ್ಷರದಾಗ ಉತ್ತರ, ‘ಹತ್ತು’. ನೋಡಿ ಬರದಿದ್ದೆ, ಓದಿರ್ಲಿಲ್ಲ. ಮರುದಿನ ಮಾಸ್ತರು ಅದಕ್ಕ ದೊಡ್ಡ ರೈಟ್ ಮಾರ್ಕ್ ಹಾಕಿ ಸಹಿ ಮಾಡಿದ್ರು.

ಅದೇ ಹೊತ್ತಿಗೆ ಅಪ್ಪ ಸಾಹೇಬರ ಮುಂದ ನಿಂತಿದ್ದ. “ಗಾಡಿ ಜೋರಿತ್ತೇನು?” ಅಂತ ಕೇಳಿದ್ರಂತ. “ಜೋರ ಅನಸ್ತುರಿ. ಖರೆ ಖಾತ್ರಿ ಇಲ್ರಿ” ಅಂದನಂತ. ನಲವತ್ತೆರಡರ ಮಾತು ಎತ್ತಲೇ ಇಲ್ಲ. ಸಹಿ ಮಾಡಿ ಹೊರಗ ಬಂದ. ವಾರದ ಮ್ಯಾಲ ಕಾಕಾಗ ಕಾಗದ ಬಂತು. ‘ಸ್ವಂತ ನಿಷ್ಕಾಳಜಿಯಿಂದ’ ಅಂತ ಬರದಿತ್ತು.

ಕಾಕಾ, ಕಾಕಿ ಕ್ವಾರ್ಟರ್ ಖಾಲಿ ಮಾಡಿ ಕಾಕಿಯ ತವರು ಚಿಂಚೋಳಿಗೆ ಹೋದ್ರು. ಹೋಗೋ ದಿನ ಕಾಕಿ ಸಾಮಾನು ಕಟ್ಕೋತ ನಮ್ಮವ್ವನ ಮುಂದ ಅತ್ತಳು. “ಒಂದ್ ಜರಾ ಹುಷಾರ್ ಇರಬಾರ್ದೇನ್ರಿ ಈತ? ಎಂಟ್ ಎಣಿಕಿ ಕಣ್ಣು ಮುಚ್ಚಿ ನಮ್ಮ ಜನ್ಮ ಹಾಳ್ ಮಾಡ್ದ.” ಕಾಕಾ ಅಲ್ಲೇ ಕಟ್ಟಿ ಮ್ಯಾಲ ಕುಂತಿದ್ದ. ಮೊದಲು ಅಂವ ಆಕಿಗೆ ಎದುರು ಹೇಳ್ತಿದ್ದ, ನಾ ಮಲಗಿರ್ಲಿಲ್ಲ ಅಂತ. ಅವತ್ತು ಹೇಳ್ಲಿಲ್ಲ. “ಕಣ್ಣು ಹತ್ತಿರಬೇಕು. ನನಗ ನೆನಪಿಲ್ಲ” ಅಂದ. ಅಪ್ಪ ಗೂಡಿನ ಕಡೆ ಹೋಗಿಬಿಟ್ಟಿದ್ದ, ಅವರನ್ನ ಕಳಸಲಿಕ್ಕೂ ಬರ್ಲಿಲ್ಲ.

ಹಿಂಗೇ ಇಪ್ಪತ್ತೆರಡು ವರ್ಷ ಹೋದ್ವು. ಈ ನಡು ನಾ ಪಿಯುಸಿ ಮಾಡಿದೆ, ಬಿಎಸ್ಸಿ ಮಾಡಿದೆ, ಬಿಎಡ್ ಮಾಡಿದೆ. ಐದು ಭಾಗಿಲೆ ಹದಿನೆಂಟು ಅನ್ನೋದನ್ನ ಸಾವಿರ ಸಲ ಬೋರ್ಡಿನ ಮ್ಯಾಲ ಬರದೆ. ಒಮ್ಮೆ ಆದ್ರೂ ಆ ಫರಸಿ ನೆಲದ ಹತ್ತು ನೆನಪಾಗಬಾರ್ದಾ? ಆಗ್ಲಿಲ್ಲ. ನನ್ನ ತಲ್ಯಾಗ ಅದು ಮುಗದ ಲೆಕ್ಕ ಆಗಿತ್ತು. ಕಾಕಾ ನಿದ್ದಿ ಮಾಡಿದ್ದ, ಪಾಪ, ಅಷ್ಟೇ.

ಮೂರು ವರ್ಷದ ಹಿಂದ ಸ್ಟಾಫ್ ರೂಮಿನಾಗ ಕುಂತು ಒಂಬತ್ತನೇ ಕ್ಲಾಸಿನ ಪೇಪರ್ ನೋಡ್ಲಿಕತ್ತಿದ್ದೆ. ಒಂದು ಪ್ರಶ್ನೆ, ಸೈಕಲ್ ಗಂಟೆಗೆ ಇಪ್ಪತ್ತು ಕಿಲೋಮೀಟರ್, ಓಡೋ ಹುಡುಗ ಸೆಕೆಂಡಿಗೆ ಹತ್ತು ಮೀಟರ್, ಯಾರು ಜೋರು? ಒಬ್ಬಾಕಿ ಬರದಿದ್ದಳು: ‘ಸೈಕಲ್ ಜೋರು. ಯಾಕೆಂದರೆ ಹತ್ತಕ್ಕಿಂತ ಇಪ್ಪತ್ತು ದೊಡ್ಡದು.’ ನಾ ಸಿಟ್ಟಿಲೆ ಕೆಂಪು ಗೀಟು ಹೊಡದೆ. ‘ಏಕಮಾನ ನೋಡು’ ಅಂತ ಬರೀಲಿಕ್ಕ ಹೋದೆ. ‘ಏಕಮಾ’ ಅನ್ನೋದರ ತನಕ ಬರದೆ. ಕೈ ನಿಂತುಬಿಡ್ತು.

ಹತ್ತು. ಇಪ್ಪತ್ತು. ಹಳದಿ ಫಳಿ. ನಲವತ್ತೆರಡು.

ಬಾಜೂ ಮೇಡಂ “ಯಾಕ್ರಿ, ಮಾರಿ ಹಿಂಗಾಗ್ಯದ?” ಅಂತ ಕೇಳಿದ್ರು. ಆ ಹುಡುಗಿ ಪೇಪರ್ ಹಿಂದೇ ಲೆಕ್ಕ ಹಾಕಿದೆ. ಸೆಕೆಂಡಿಗೆ ಹತ್ತು ಮೀಟರ್ ಅಂದ್ರ ಗಂಟೆಗೆ ಮೂವತ್ತಾರು ಕಿಲೋಮೀಟರ್. ಕಾಯ್ದೆ ಇಪ್ಪತ್ತು. ಗಾಡಿ ಮೂವತ್ತಾರರಾಗ ಬಂದಿತ್ತು. ಆಮ್ಯಾಲ ನೂರು ಮೀಟರಿನ ತಿರುವು ನೆನಪಾಯ್ತು. ಇಪ್ಪತ್ತರಾಗ ಬಂದ್ರ ಹದಿನೆಂಟು ಸೆಕೆಂಡ್. ಮೂವತ್ತಾರರಾಗ ಬಂದ್ರ ಹತ್ತು. ಸರಿಯಾಗಿ ಹತ್ತೇ. ಒಂದು ಹೆಚ್ಚಿಲ್ಲ, ಒಂದು ಕಡಿಮಿಲ್ಲ. ನಾ ಸಂಡಾಸಿಗೆ ಹೋಗಿ ಬಾಗಿಲ ಹಾಕ್ಕೊಂಡು ಅತ್ತೆ.

ಅಪ್ಪ ಈಗ ಶಹಾಬಾದದಾಗ ನನ್ನ ತಮ್ಮನ ಮನ್ಯಾಗ ಇರ್ತಾನ. ಆ ಭಾನುವಾರ ಹೋದೆ. ಹೆಂಗ ಸುರು ಮಾಡಬೇಕಂತ ದಾರಿ ಪೂರಾ ವಿಚಾರ ಮಾಡಿದ್ದೆ, ಖರೆ ಅಂವನ ಮುಂದ ಕುಂತಮ್ಯಾಲ ಬಡಾಬಡಾ ಎಲ್ಲಾ ಒದರಿಬಿಟ್ಟೆ. ಮುಗದಮ್ಯಾಲ ಅಪ್ಪ ಚಾಳೀಸು ತೆಗದು ಧೋತರದ ಚುಂಗಿಲೆ ಒರಸಿದ.

“ನನಗ ಗೊತ್ತಿತ್ತವ್ವ” ಅಂದ.

“ಏನ್ ಗೊತ್ತಿತ್ತು? ನಾ ತಪ್ಪು ಹೇಳೀನಂತ ಗೊತ್ತಿತ್ತಾ?”

“ಲೆಕ್ಕ ಗೊತ್ತಿರ್ಲಿಲ್ಲ. ಗಾಡಿ ಜೋರಿತ್ತು ಅನ್ನೋದು ಗೊತ್ತಿತ್ತು. ಎಪ್ಪತ್ತೈದಕ್ಕ ಹೋಗೋ ಗಾಡಿ ನಲವತ್ತೆರಡಕ್ಕ ಹೋತು ಅಂತ ಅಷ್ಟೇ ಹೇಳಿದ್ರ ಸಾಕಿತ್ತು. ಅದಕ್ಕ ಮೀಟರ್ಯಾಕ, ಕಿಲೋಮೀಟರ್ಯಾಕ? ನಾ ಅಂಜಿದೆ. ಮಗಳು ಅಂಕ್ಯಾಗ ಹತ್ತು ಅಂದಾಳ, ನಾನ್ಯಾವ ದೊಡ್ಡಾಂವ ಅಂತ ನನಗ ನಾನೇ ಹೇಳ್ಕೊಂಡೆ. ಅಂಜೋ ಮನಷ್ಯಾಗ ಒಂದು ನೆಪ ಬೇಕಾಗಿತ್ತು. ನೀ ಕೊಟ್ಟಿ.”

ನಾ ತಪ್ಪು ನಂದು ಅಂತ ಬಂದಿದ್ದೆ, ಅಂವ ಅದನ್ನೂ ತಾನೇ ತಗೊಂಡ. ನನಗ ಸಮಾಧಾನ ಆಗೋ ಬದಲಿ ಸಿಟ್ಟು ಬಂತು. “ಹಂಗಾದ್ರ ಇಷ್ಟು ವರ್ಷ ಯಾಕ ಗಪ್ಪ ಕುಂತಿ?” ಅಂತ ಜೋರು ಮಾಡಿದೆ. ಅಪ್ಪ ಒಳಗ ಹೋಗಿ ಟೊಪ್ಪಿಗಿ ಹಾಕ್ಕೊಂಡು, ಕೋಲು ಹಿಡಕೊಂಡು ಬಂದ.

“ನಡಿ. ಚಿಂಚೋಳಿ ಬಸ್ ಎಷ್ಟಕ್ಕ ಅದ?”

ಶಹಾಬಾದದಿಂದ ವಾಡಿ, ಚಿತ್ತಾಪುರ, ಸೇಡಂ ಮ್ಯಾಲ ಹಾಯ್ದು ಚಿಂಚೋಳಿ ಮುಟ್ಟೋದರಾಗ ಹೊತ್ತು ಬಾಗಿತ್ತು. ಬಸ್ಸಿನಾಗ ಅಪ್ಪ ಕಿಟಕಿ ಹಂತೇಕ ಕುಂತು ತುಟಿ ಅಲ್ಲಾಡಸ್ತಿದ್ದ. ಕಿಲೋಮೀಟರ್ ಕಲ್ಲಿನಿಂದ ಕಲ್ಲಿಗೆ ಎಣಸ್ಲಿಕತ್ತಿದ್ದ, ರೂಢಿ ಹೋಗಿರ್ಲಿಲ್ಲ. ಕಾಗಿಣಾ ಹೊಳಿ ದಾಟಿದಮ್ಯಾಲ ಒಮ್ಮೆ ನನ್ನ ಕಡೆ ತಿರಗಿ, “ಅಂವ ಮಾರಿ ನೋಡ್ಲಿಕ್ಕಿಲ್ಲ ನಂದು” ಅಂದ. ನನ್ನ ಮಾರಿನೂ ನೋಡಬಾರ್ದು ಅಂವ.

ಕಾಕಿ ಚಿಂಚೋಳ್ಯಾಗ ಹಿಟ್ಟಿನ ಗಿರಣಿ ನಡಸ್ತಾಳ. ನಾವು ಹೋದಾಗ ಗಿರಣಿ ಚಾಲೂ ಇತ್ತು, ಬಾಗಿಲದಾಗ ಸ್ಟೂಲಿನ ಮ್ಯಾಲ ಕುಂತು ಕಾಕಾ ಜೋಳದ ಡಬ್ಬಿ ತೂಕ ಮಾಡ್ಲಿಕತ್ತಿದ್ದ. ಕೂದಲಾ ಹುಬ್ಬು ಎಲ್ಲಾ ಬೆಳ್ಳಗ. ಅದರಾಗ ಹಿಟ್ಟೆಷ್ಟು ವಯಸ್ಸೆಷ್ಟು ತಿಳೀಲಿಲ್ಲ. ಊರುಗೋಲು ಗ್ವಾಡಿಗೆ ಆನಿಸಿತ್ತು. ನಮ್ಮನ್ನ ನೋಡಿ ಜರಾ ಹೊತ್ತು ಗುರ್ತು ಹಿಡೀಲಿಲ್ಲ. ಹಿಡದಮ್ಯಾಲ ಒಮ್ಮಿಗಲೇ ನಕ್ಕ.

“ಅಲಲಲಾ! ಏನ್ ಬಂದ್ರಿ ಇತ್ಲಾಗ! ಏ, ಯಾರ್ ಬಂದಾರ ನೋಡ ಇಲ್ಲಿ!”

ಕಾಕಿ ಗಿರಣಿ ಹಂತೇಕಿಂದ ಇಣಕಿದಳು. “ಬರ್ರಿ ಅಣ್ಣಾರ, ಕುಂದ್ರಿ. ನೀನೇನವ್ವ? ಎಷ್ಟು ದೊಡ್ಡಾಕಿ ಆಗೀದಿ!” ಅಂತ ನನ್ನ ಗಲ್ಲ ಹಿಡದಳು. ಗಲ್ಲಕ್ಕ ಹಿಟ್ಟು ಹತ್ತಿತು.

ಅಪ್ಪ ಕುಂಡ್ರಲಿಲ್ಲ. ಕೈ ಮುಗದು ನಿಂತ. “ವೈನಿ, ಗಿರಣಿ ಬಂದ್ ಮಾಡ್ರಿ. ನನ್ನ ಮಗಳು ಒಂದು ಲೆಕ್ಕ ಮಾಡಿ ತೋರಸ್ತಾಳ” ಅಂದ.

ಗಿರಣಿ ನಿಂತಮ್ಯಾಲ ಕಿವ್ಯಾಗ ಗುಂಯ್ ಅಂತ ಉಳೀತು. ನೆಲ ಇಲ್ಲೂ ಫರಸಿದೇ, ಮ್ಯಾಲ ತೆಳ್ಳಗ ಹಿಟ್ಟು ಕುಂತಿತ್ತು. ನಾ ನೆಲಕ್ಕ ಕುಂತು ಬೆರಳಿಲೆ ಬರಕೋತ ಹೋದೆ. ಮೂವತ್ತು ಡಬ್ಬಿ, ಹದಿನಾಲ್ಕು ಮೀಟರ್, ನಲವತ್ತೆರಡು ಎಣಿಕಿ. “ಕಾಕಾ, ಇಲ್ಲಿಗೆ ಬಂದು ನಾ ಬಿಟ್ಟಿದ್ದೆ. ಅಪ್ಪಗ ಗಾಡಿ ಸಾವಕಾಶ ಇತ್ತು ಅಂತ ಹೇಳಿದ್ದೆ. ಈ ಹತ್ತು ಕಿಲೋಮೀಟರ್ ಅಲ್ಲ. ಗಂಟೆದಲ್ಲ. ಸೆಕೆಂಡಿಗೆ ಹತ್ತು ಮೀಟರ್” ಅಂದೆ. ಆಮ್ಯಾಲ ಬಿಟ್ಟ ಹೆಜ್ಜಿ ಬರದೆ. ಒಂದು ಗಂಟೆಗೆ ಮೂರು ಸಾವಿರದ ಆರನೂರು ಸೆಕೆಂಡ್, ಅಷ್ಟಕ್ಕ ಮೂವತ್ತಾರು ಸಾವಿರ ಮೀಟರ್, ಅಂದ್ರ ಮೂವತ್ತಾರು ಕಿಲೋಮೀಟರ್. ಉತ್ತರದ ಮುಂದ ‘ಗಂಟೆಗೆ ಕಿಲೋಮೀಟರ್’ ಅಂತ ಪೂರಾ ಬರದೆ.

ಕಾಕಾ ಸ್ಟೂಲಿನ ಮ್ಯಾಲ ಬಗ್ಗಿ ನೋಡ್ಲಿಕತ್ತಿದ್ದ. ಅಂವಗ ಅಷ್ಟು ಅಂಕಿ ಬರ್ತಾವೋ ಇಲ್ಲೋ ಗೊತ್ತಿಲ್ಲ. ಅದಕ್ಕ ಬಾಯಿಲೆ ಹೇಳಿದೆ. “ಆ ಸ್ಪೀಡಿನಾಗ ತಿರುವಿನಿಂದ ನಿನ್ನ ಹಂತೇಕ ಬರಲಿಕ್ಕ ಹದಿನೆಂಟು ಎಣಿಕಿ ಬೇಕಾಗಂಗಿಲ್ಲ ಕಾಕಾ. ಹತ್ತೇ. ನೀ ಇಂಜಿನ್ ಕಂಡ ಕೂಡ್ಲೇ ಎಣಸಲಿಕ್ಕ ಸುರು ಮಾಡೀದಿ. ಒಂದೂ ತಪ್ಪಿಲ್ಲ.”

“ಹಂಗಾದ್ರ ನಾ ಮಲಗಿರ್ಲಿಲ್ಲೇನವ್ವ?”

“ಇಲ್ಲ ಕಾಕಾ.”

“ಕಣ್ಣು ಹತ್ತಿರ್ಲಿಲ್ಲ?”

“ಇಲ್ಲ.”

ಅಂವ ಅಪ್ಪನ ಕಡೆ ನೋಡಿದ. ಅಪ್ಪ ಅಳ್ಲಿಕತ್ತಿದ್ದ. “ನಲವತ್ತೆರಡಕ್ಕ ಹೋಗಿತ್ತಲೇ. ನಾ ಎಣಸಿದ್ದೆ. ಹೇಳ್ಲಿಲ್ಲ” ಅಂದ. ನಾ ತಲಿ ತೆಗ್ಗಿಸಿದೆ. ಬೈತಾನ, ಹೊರಗ ನಡೀರಿ ಅಂತಾನ ಅಂತ ಕಾಯ್ಕೋತ ಕುಂತೆ. ಬೈದಿದ್ರ ಛಲೋ ಇತ್ತು. ಕಾಕಾ ನಮ್ಮಿಬ್ಬರನ್ನೂ ಬಿಟ್ಟು ಕಾಕಿ ಕಡೆ ತಿರಗಿದ.

“ಕೇಳಿದೇನ? ನಾ ಮಲಗಿರ್ಲಿಲ್ಲಂತ.”

ಕಾಕಿ ಹಿಟ್ಟಿನ ಕೈ ಹಂಗೇ ಹಿಡಕೊಂಡು ಅಂವನ ಕಾಲ ಹಂತೇಕ ಕುಕ್ಕರಿಸಿದಳು. “ನಾನೂ ನಂಬಿದ್ನಲ್ಲೋ. ದಿನಾ ಅಂದ್ನಲ್ಲೋ ನಿನಗ” ಅಂದಳು. ಅಂವನ ಖಾಲಿ ಪಾಯಜಾಮಾದ ಗಂಟು ಎರಡೂ ಕೈಲೆ ಹಿಡಕೊಂಡಳು. ಜೋಳ ಬೀಸಲಿಕ್ಕ ಬಂದ ಹೆಣ್ಮಗಳೊಬ್ಬಾಕಿ ಬಾಗಿಲದಾಗ ನಿಂತು ನಮ್ಮನ್ನ ನೋಡಿ, ಡಬ್ಬಿ ಇಟ್ಟು ಸುಮ್ಮನ ಹೋದಳು.

ಕಾಕಾ ಕಣ್ಣು ಮುಚ್ಚಿದ. ತುಟಿ ಅಲ್ಲಾಡಲಿಕ್ಕ ಸುರು ಆದ್ವು. ಹತ್ತರ ತನಕ ಕೇಳಿಸ್ಲಿಲ್ಲ, ಆಮ್ಯಾಲ ಕೇಳಿಸ್ತು. “ಜೈ ಭೀಮ್ ಹನ್ನೊಂದು. ಜೈ ಭೀಮ್ ಹನ್ನೆರಡು.” ಅಪ್ಪನ ತುಟಿನೂ ಅಲ್ಲಾಡ್ಲಿಕತ್ತಿದ್ವು, ಅಂವ ಶಿವನ ಹೆಸರಿಲೆ. ನಾನೂ ಕೈ ಗಡಿಯಾರ ನೋಡಿದೆ. ಇಬ್ಬರೂ ಹದಿನೆಂಟಕ್ಕ ಕೂಡೇ ನಿಂತ್ರು.

ಕಾಕಾ ಕಣ್ಣು ತೆಗದು ಕಾಕಿ ತಲಿ ಮ್ಯಾಲ ಕೈ ಇಟ್ಟ.

“ಭಾಳ ಹೊತ್ತದ ಎಂಟಂದ್ರ. ಅಷ್ಟರಾಗ ಎರಡು ಸಲ ಕೆಳಗ ಇಳೀತಿದ್ದೆ ನಾ” ಅಂದ.